ಹರಕು ದನಿಯ ಡಬ್ಬಿ

ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆ ಮೂರು ಡಬ್ಬಿಗಳು ಬಂದು ಕೂತ ದಿನದಿಂದ ನಾವು ಗಂಡ ಹೆಂಡತಿ ನೆಲದ ಮೇಲೆ ಕೂತು ಉಣ್ಣತೊಡಗಿದೆವು. ಡಬ್ಬಿಗಳೇನೂ ದೊಡ್ಡವಲ್ಲ. ಎರಡು ಅಂಗೈಯಷ್ಟಗಲ, ಇನ್ನೊಂದು ಅದಕ್ಕಿಂತ ಸ್ವಲ್ಪ ಉದ್ದ. ಆದರೆ ಅವಕ್ಕೆ ವಯರು, ವಯರಿಗೆ ಮತ್ತೊಂದು ವಯರು, ಎಲ್ಲಕ್ಕೂ ಮೇಲೆ "ಮುಟ್ಟಬ್ಯಾಡ" ಎಂಬ ನನ್ನ ಅಪ್ಪಣೆ. ಹೀಗಾಗಿ ಟೇಬಲ್ಲಿನಲ್ಲಿ ಒಂದು ಉಪ್ಪಿನಕಾಯಿ ಬಟ್ಟಲಿಗೂ ಜಾಗ ಉಳಿದಿರಲಿಲ್ಲ.

"ಏನ್ರಿ ಇವು?" ಎಂದಳು ನನ್ನ ಹೆಂಡತಿ ಗೌರಮ್ಮ.

"ಪೆಡಲ್ಲು."

"ಮನ್ಯಾಗ ಹೊಲಿಗಿ ಮಷಿನ್ ಇಲ್ಲ, ಸೈಕಲ್ಲಂತೂ ಮೊದಲ ಇಲ್ಲ. ಪೆಡಲ್ ತಂದು ಏನ್ ತುಳೀತೀರಿ?"

ನಾನು ಗಂಟಲು ಸರಿಮಾಡಿಕೊಂಡು ವಿವರಿಸಿದೆ. ಇದು ಗಿಟಾರಿನ ಪೆಡಲ್ಲು. ಗಿಟಾರಿನಿಂದ ಬಂದ ವಯರು ಇದರೊಳಗೆ ಹೋಗುತ್ತದೆ, ಇದರಿಂದ ಹೊರಟ ವಯರು ಸ್ಪೀಕರ್ ಪೆಟ್ಟಿಗೆಗೆ ಹೋಗುತ್ತದೆ. ಕಾಲಿನಿಂದ ಒತ್ತಿದರೆ ಸಾಕು, ತಂತಿಯ ಶುದ್ಧ ದನಿ ಒಡೆದು, ಹರಿದು, ಮೊರೆಯುತ್ತ ಹೊರಬರುತ್ತದೆ. ಗೌರಮ್ಮ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳು. "ಅಂದ್ರ ಛಲೋ ಇರೋ ದನಿ ಕೆಡಸಾಕ ಒಂದು ಮಷಿನ್ನು. ಅದೂ ಮೂರು" ಎಂದು ಹೇಳಿ ಒಳಗೆ ಹೋದಳು. ಇದರ ಬಗ್ಗೆ ನಾನು ಓದಿದ, ನೋಡಿದ ಯಾವ ವಿವರಣೆಯೂ ಇಷ್ಟು ಸ್ಪಷ್ಟವಾಗಿರಲಿಲ್ಲ.

ತಹಶೀಲ್ದಾರ್ ಕಚೇರಿಯ ಗುಮಾಸ್ತಿಕೆಯಿಂದ ನಿವೃತ್ತನಾಗಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವ ವಯಸ್ಸಿನಲ್ಲಿ ನನಗೇಕೆ ಈ ಉಪದ್ವ್ಯಾಪ ಎಂದು ನೀವು ಕೇಳಬಹುದು. ಇದು ನನಗಾಗಿ ಅಲ್ಲ, ಮಾಬೂಗಾಗಿ. ಮಾಬೂ ಎಂದರೆ ಮೆಹಬೂಬ, ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ ಬಳೆ ಅಂಗಡಿ ಇಟ್ಟುಕೊಂಡಿರುವ ನನ್ನ ಹಳೆಯ ಗೆಳೆಯ. ಒಂದು ಕಾಲದಲ್ಲಿ ಕೊಪ್ಪಳದಿಂದ ಗಂಗಾವತಿಯವರೆಗೆ, ಕುಷ್ಟಗಿಯಿಂದ ಯಲಬುರ್ಗಾದವರೆಗೆ ಮದುವೆಯ ರಸಮಂಜರಿ ಎಂದರೆ ನಮ್ಮ ಆರ್ಕೆಸ್ಟ್ರಾ, ಆರ್ಕೆಸ್ಟ್ರಾ ಎಂದರೆ ಮಾಬೂನ ಗಿಟಾರು. ಅವನ ಕಾಲ ಬಳಿ ಒಂದು ಡಬ್ಬಿ ಇರುತ್ತಿತ್ತು. ಹೊಸ ಕೋರಾ ಬಟ್ಟೆಯನ್ನು ಎರಡು ಕೈಯಿಂದ ಹಿಡಿದು ಸರ್ರನೆ ಹರಿದ ಹಾಗೆ ದನಿ ಕೊಡುತ್ತಿದ್ದುದರಿಂದ ನಾವು ಅದನ್ನು ಹರಕು ಡಬ್ಬಿ ಎನ್ನುತ್ತಿದ್ದೆವು. ಆ ಡಬ್ಬಿ ಸತ್ತು ಬಹಳ ವರ್ಷಗಳಾದವು. ಈಗ ಮಾಬೂನ ಕಿವಿಗಳು ಸಾಯುತ್ತಿವೆ. ಎಡಗಿವಿ ಆಗಲೇ ಹೋಗಿದೆ. ಬಲಗಿವಿಯೂ ದಿನೇ ದಿನೇ ಇಳಿಯುತ್ತಿದೆ, ಇದು ಮತ್ತೆ ಏರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಹೋದ ಮಳೆಗಾಲದಲ್ಲಿ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಾಗ ಮಾಬೂ ನನಗೆ ಹೇಳಿದ್ದ: "ಶರಣಾ, ಪೂರಾ ಬಂದ್ ಆಗೋದರಾಗ ಆ ಡಬ್ಬಿ ದನಿ ಒಮ್ಮೆ ಕೇಳಬೇಕೋ. ಎಲ್ಲಿಂದರ ತಾ."

ನಾನು ಹೂಂ ಎಂದೆ. ಹೂಂ ಎನ್ನುವುದಕ್ಕೆ ನನಗೆ ಯಾವತ್ತೂ ತಡವಾಗಿಲ್ಲ.

ಆ ಡಬ್ಬಿಯ ಕುಲಗೋತ್ರ ನಮಗೆ ಗೊತ್ತಿರಲಿಲ್ಲ. ಮಾಬೂನ ಚಿಕ್ಕಪ್ಪ ಹೈದರಾಬಾದಿನ ಹಳೇ ಸಾಮಾನಿನ ಬಜಾರಿನಿಂದ ತಂದದ್ದು. ಮೇಲಿದ್ದ ಹೆಸರನ್ನು ಯಾರೋ ಉಜ್ಜಿ ಅಳಿಸಿದ್ದರು. ಅದರಲ್ಲಿ ಎರಡು ತಿರುಗಣೆ, ಒಂದು ಗುಂಡಿ. ಮೊದಲ ಸಲ ಅದನ್ನು ಒತ್ತಿದಾಗ ಮಾಬೂನ ಅಮ್ಮ ಒಳಗಿನಿಂದ ಓಡಿ ಬಂದು, ಕರೆಂಟಿನ ಮೇನ್ ಸ್ವಿಚ್ಚು ತೆಗೆದಿದ್ದರು. ನಾನು ಆಗ ರಿದಂ ಗಿಟಾರು ನುಡಿಸುತ್ತಿದ್ದೆ. ಅಂದರೆ ಹಿಂದೆ ನಿಂತು, ನನಗೆ ಬರುತ್ತಿದ್ದ ನಾಲ್ಕಾರು ಕಾರ್ಡುಗಳನ್ನು ಎಲ್ಲ ಹಾಡುಗಳಿಗೂ ಭೇದವಿಲ್ಲದೆ ಹಂಚುತ್ತಿದ್ದೆ. ನನ್ನ ಸ್ಪೀಕರಿನ ದನಿಯನ್ನು ನಮ್ಮವರೇ ಮೆಲ್ಲಗೆ ಇಳಿಸಿ ಇಡುತ್ತಿದ್ದರೆಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಅದರಿಂದ ಆದ ಲಾಭವೆಂದರೆ ಮಾಬೂನ ಗಿಟಾರನ್ನು ನನ್ನಷ್ಟು ಗಮನವಿಟ್ಟು ಕೇಳಿದವರು ಇನ್ನೊಬ್ಬರಿಲ್ಲ.

ಒಮ್ಮೆ ಟೆಂಪೋದಲ್ಲಿ ಡ್ರಮ್ಮಿನ ಪೆಟ್ಟಿಗೆ ಉರುಳಿಬಿದ್ದು ಹರಕು ಡಬ್ಬಿಯ ತಗಡಿನ ಹೊದಿಕೆ ಅಪ್ಪಚ್ಚಿಯಾಯಿತು. ಒಳಗಿನ ಕರುಳು ಮಾತ್ರ ಸುರಕ್ಷಿತವಾಗಿತ್ತು. ಬೇರೆ ಊರಿನವರಾಗಿದ್ದರೆ ಮತ್ತೊಂದು ತಗಡು ಹೊಂದಿಸುತ್ತಿದ್ದರು. ನಾವು ಬಣ್ಣದ ಗೊಂಬೆಗಳ ಕಿನ್ನಾಳವನ್ನು ಮಗ್ಗುಲಲ್ಲಿ ಇಟ್ಟುಕೊಂಡವರು. ಅಲ್ಲಿಗೆ ಹೋಗಿ, ಗೊಂಬೆ ಮಾಡುವವರೊಬ್ಬರ ಕೈಯಿಂದ ಹಗುರ ಕಟ್ಟಿಗೆಯ ಪೆಟ್ಟಿಗೆ ಮಾಡಿಸಿದೆವು. ಕೆಂಪು ಬಣ್ಣ, ಹಳದಿ ಬಳ್ಳಿ, ನಾಲ್ಕು ಮೂಲೆಗೆ ನಾಲ್ಕು ಹಸಿರು ಗಿಳಿ. ಅದನ್ನು ಕಾಲಲ್ಲಿ ಒತ್ತಲು ಮನಸ್ಸಾಗದೆ ಮಾಬೂ ಕೆಲವು ದಿನ ಚಪ್ಪಲಿ ಬಿಚ್ಚಿ ನುಡಿಸಿದ.

ಆ ಚೆಂದದ ಪೆಟ್ಟಿಗೆಯ ಮೊದಲ ಕಾರ್ಯಕ್ರಮ ಕುಷ್ಟಗಿಯ ಒಂದು ಮದುವೆಯಲ್ಲಿ. ಸಂಜೆ ಅಕ್ಷತೆ ಮುಗಿದು ಜನ ಕುರ್ಚಿಗಳಲ್ಲಿ ತುಂಬಿದ್ದರು. ಹಾಡಿನ ನಡುವೆ ಮಾಬೂನ ಸರದಿ ಬಂತು. ಅವನು ಕಣ್ಣು ಮುಚ್ಚಿ, ಗುಂಡಿ ಒತ್ತಿ, ತಂತಿಯ ಮೇಲೆ ಬೆರಳಿಡುವ ಮೊದಲೇ ಸ್ಪೀಕರಿನಿಂದ ಒಬ್ಬ ಸಜ್ಜನರ ಗಂಭೀರ ಸ್ವರ ಕೇಳಿಬಂತು: "ತೊಗರಿ ಬೆಳೆಯಲ್ಲಿ ಕಾಯಿಕೊರಕ ಹುಳುವಿನ ಬಾಧೆ ಕಂಡುಬಂದಲ್ಲಿ ರೈತ ಬಾಂಧವರು..." ರೇಡಿಯೋದ ಕೃಷಿ ಕಾರ್ಯಕ್ರಮ! ತಗಡಿನ ಹೊದಿಕೆ ರೇಡಿಯೋ ಅಲೆಗಳನ್ನು ಹೊರಗೇ ತಡೆಯುತ್ತದೆ, ಕಟ್ಟಿಗೆ ತಡೆಯುವುದಿಲ್ಲ ಎಂಬ ವಿಷಯ ನಮಗೆ ತಿಳಿದದ್ದು ಆಮೇಲೆ. ಮಾಬೂ ಗಾಬರಿಯಿಂದ ಡಬ್ಬಿಯನ್ನು ಬಂದ್ ಮಾಡಲು ಬಾಗಿದ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೈ ಎತ್ತಿ, "ತಡೀಯಪಾ ಹುಡುಗಾ, ಎಣ್ಣಿ ಹೆಸರು ಹೇಳಾಕತ್ತಾನ, ಅದೊಂದು ಕೇಳಿ ಬಿಡೂಣು" ಎಂದರು. ಹೊಲಕ್ಕೆ ಹೊಡೆಯುವ ಔಷಧಿಗೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ಅದರ ಹೆಸರು, ಅಳತೆ, ಸಿಂಪಡಿಸುವ ವೇಳೆ ಎಲ್ಲ ಮುಗಿಯುವವರೆಗೆ ಇಡೀ ಆರ್ಕೆಸ್ಟ್ರಾ ಕೈಕಟ್ಟಿ ನಿಂತಿತ್ತು. ಊರಿಗೆ ಬಂದ ಮೇಲೆ ಅಡುಗೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಪೆಟ್ಟಿಗೆಯ ಒಳಗೆಲ್ಲ ಹೊಡೆದೆವು. ಸಜ್ಜನರು ಮತ್ತೆ ಬರಲಿಲ್ಲ.

ಅದು ಹೋಯಿತೆನ್ನುವಷ್ಟರಲ್ಲಿ ಮತ್ತೊಂದು ಪೀಡೆ. ಡಬ್ಬಿ ಯಲಬುರ್ಗಾಕ್ಕೆ ಹೋದಾಗಲೆಲ್ಲ ಮುನಿಸಿಕೊಳ್ಳುತ್ತಿತ್ತು. ದನಿ ಕೆಮ್ಮುತ್ತ ಬಂದು, ನಡುವೆಯೇ ಉಸಿರುಗಟ್ಟಿ ನಿಲ್ಲುತ್ತಿತ್ತು. ದೃಷ್ಟಿಯೇ ಇರಬೇಕೆಂದು ನಾನು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ. ಸಾಲದೆಂದು ಮಾಬೂ ದರ್ಗಾದಿಂದ ತಾಯಿತ ತಂದು ಕಟ್ಟಿದ. ಎರಡನ್ನೂ ಹೊತ್ತು ಡಬ್ಬಿ ಮತ್ತಷ್ಟು ಕೆಮ್ಮಿತು. ಆದರೆ ಇಟಗಿಯ ಒಂದು ಕಾರ್ಯಕ್ರಮದಲ್ಲಿ, ಗುಡಿಯ ಹತ್ತಿರದ ನೆರಳಿನ ಕಲ್ಲು ಹಾಸಿನ ಮೇಲೆ ಇಟ್ಟಾಗ ಅದು ನುಡಿದಷ್ಟು ಚೆನ್ನಾಗಿ ಯಾವತ್ತೂ ನುಡಿದಿರಲಿಲ್ಲ. "ಇಟಗಿ ಮಾದೇವಗ ನಮ್ಮ ಡಬ್ಬಿ ಮ್ಯಾಲ ಭಾಳ ಪ್ರೀತಿ ನೋಡಪಾ" ಎಂದು ಮಾಬೂ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಎಷ್ಟೋ ಬೇಸಿಗೆ ಕಳೆದ ಮೇಲೆ ನಮ್ಮ ತಲೆಗೆ ಹೊಳೆಯಿತು. ಯಲಬುರ್ಗಾದ ಮದುವೆಗಳೆಲ್ಲ ನಮಗೆ ಸಿಗುತ್ತಿದ್ದದ್ದು ಸುಡು ಬಿಸಿಲಿನ ಮಧ್ಯಾಹ್ನದಲ್ಲಿ. ಡಬ್ಬಿಯೊಳಗಿದ್ದ ಹಳೇ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರುಗಳಿಗೆ ಸೆಕೆ ಒಗ್ಗುತ್ತಿರಲಿಲ್ಲ, ಅಷ್ಟೇ. ಅಂದಿನಿಂದ ಯಾವ ಮದುವೆ ಮನೆಗೆ ಹೋದರೂ ಮಾಬೂ ಮೊದಲು ಕುಡಿಯುವ ನೀರಿನ ಮಣ್ಣಿನ ಹರವಿ ಎಲ್ಲಿದೆ ಎಂದು ಕೇಳುತ್ತಿದ್ದ. ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹರವಿಯ ಕೆಳಗಿನ ಒದ್ದೆ ಉಸುಕಿನ ಮೇಲೆ ಮಲಗಿಸಿ ಬರುತ್ತಿದ್ದ. ಗಾಯಕಿಗೆ ಬಿಸಿನೀರು, ಡಬ್ಬಿಗೆ ತಣ್ಣೀರು ಎಂದು ಮದುವೆ ಮನೆಯವರು ನಗುತ್ತಿದ್ದರು.

ಸೆಲ್ಲಿನ ವಿಷಯದಲ್ಲೂ ಅದರದು ಉಲ್ಟಾ ಬುದ್ಧಿ. ಹೊಸ ಸೆಲ್ಲು ಹಾಕಿದರೆ ದನಿ ಒರಟು. ಅರ್ಧ ಜೀವ ಹೋದ ಸೆಲ್ಲು ಹಾಕಿದರೆ ಮೆತ್ತಗೆ, ಆಳವಾಗಿ, ಎದೆಗೆ ಬಂದು ತಾಗುತ್ತಿತ್ತು. ಹೀಗಾಗಿ ಮಾಬೂ ಹೊಸ ಸೆಲ್ಲನ್ನು ಮೊದಲು ಮನೆಯ ಪುಟ್ಟ ರೇಡಿಯೋಕ್ಕೆ ಹಾಕಿ, ಅದನ್ನು ದಣಿಸಿ, ಆಮೇಲೆ ಡಬ್ಬಿಗೆ ಹಾಕುತ್ತಿದ್ದ. ಜನ ಮುಗಿದ ಸೆಲ್ಲನ್ನು ಬಿಸಿಲಿಗಿಟ್ಟು ಬದುಕಿಸುತ್ತಿದ್ದ ಕಾಲದಲ್ಲಿ ಬದುಕಿದ ಸೆಲ್ಲನ್ನು ಸಾಯಿಸಿ ಬಳಸಿದವನು ಅವನೊಬ್ಬನೇ ಇರಬೇಕು.

ಕೊನೆಗೆ ಒಂದು ಬೇಸಿಗೆಯಲ್ಲಿ ಡಬ್ಬಿ ಕೆಮ್ಮುವುದನ್ನೂ ನಿಲ್ಲಿಸಿತು. ಆ ಟ್ರಾನ್ಸಿಸ್ಟರುಗಳು ಎಲ್ಲೂ ಸಿಗಲಿಲ್ಲ. ರಿಪೇರಿಯವರು ಹೊಸ ಕಾಲದವನ್ನು ಹಾಕಿಕೊಟ್ಟರು. ದನಿ ಬಂತು. ಮಾಬೂ ಸ್ವಲ್ಪ ಹೊತ್ತು ನುಡಿಸಿ ಗಿಟಾರು ಕೆಳಗಿಟ್ಟ. "ಅದು ಅಳ್ತಿತ್ತು ಶರಣಾ. ಇದು ಬರೇ ಒದರತೈತಿ" ಎಂದ. ಅಷ್ಟರಲ್ಲಿ ಕೀಬೋರ್ಡು ಬಂದು ಗಿಟಾರಿನ ಕೆಲಸವನ್ನೂ ತಾನೇ ಮಾಡತೊಡಗಿತ್ತು. ಅದರ ಹಿಂದೆಯೇ ಡಿಜೆ ಬಂದು ಕೀಬೋರ್ಡನ್ನೂ ಕಳಿಸಿತು. ಆರ್ಕೆಸ್ಟ್ರಾ ಯಾವ ದಿನ ಮುಗಿಯಿತೆಂದು ಯಾರಿಗೂ ನೆನಪಿಲ್ಲ. ಒಂದು ಮದುವೆ ಸುಗ್ಗಿಯಲ್ಲಿ ಯಾರೂ ನಮ್ಮನ್ನು ಕರೆಯಲಿಲ್ಲ, ಅಷ್ಟೇ. ಮಾಬೂ ಬಳೆ ಅಂಗಡಿಯಲ್ಲಿ ಕೂತ. ನಾನು ಕಚೇರಿಯಲ್ಲಿ ಇನ್ನಷ್ಟು ಆಳವಾಗಿ ಕೂತೆ. ಆ ವರ್ಷಗಳ ಕ್ಯಾಸೆಟ್ಟುಗಳಲ್ಲಿ ಗಾಯಕರ ಮೈಕಿನ ದನಿಯಷ್ಟೇ ಉಳಿದಿದೆ. ಮಾಬೂನ ಗಿಟಾರು ದೂರದ ಓಣಿಯಲ್ಲಿ ಯಾರೋ ಏನೋ ಮಾಡುತ್ತಿರುವಂತೆ ಕೇಳುತ್ತದೆ. ಅದನ್ನು ಬೇರೆಯಾಗಿ ಹಿಡಿದಿಡಬೇಕೆಂದು ನಮಗ್ಯಾರಿಗೂ ಅನ್ನಿಸಲೇ ಇಲ್ಲವಲ್ಲ ಎಂದು ಈಗ ಹೊಟ್ಟೆ ಉರಿಯುತ್ತದೆ. ಅದಕ್ಕಿಂತ ಹೆಚ್ಚು ಉರಿಯುವುದು ಇನ್ನೊಂದಕ್ಕೆ. ಮದುವೆ ಮನೆಯ ಅಜ್ಜಿಯರಿಗೆ ಕಿವಿಗೆ ಹಾಕಿಕೊಳ್ಳಲು ನಾವೇ ಅರಳೆ ಹಂಚುತ್ತಿದ್ದೆವು. ಸ್ಪೀಕರಿನ ಬಾಯಿಗೆ ಕಿವಿ ಕೊಟ್ಟು ನಿಂತ ಮಾಬೂಗೆ ಒಂದು ಉಂಡೆ ಅರಳೆ ಕೊಡಲು ಯಾರಿಗೂ ಹೊಳೆಯಲಿಲ್ಲ.

ಇಂಥ ಡಬ್ಬಿಯನ್ನು ಈಗ ಹುಡುಕಬೇಕಿತ್ತು. ಸಂತೆಯಲ್ಲಿ ನಾನು ಬದನೆಕಾಯಿ ಆರಿಸಲು ನಿಂತರೆ ಮಾರುವವಳು ಪಕ್ಕದವಳಿಗೆ ತಕ್ಕಡಿ ಒಪ್ಪಿಸಿ ಚಹಾ ಕುಡಿದು ಬರುತ್ತಾಳೆ. ಅಂಥವನ ಕೈಗೆ ಫೋನು ಸಿಕ್ಕಿ, ಅದರಲ್ಲಿ ಲೋಕದ ಪೆಡಲ್ಲುಗಳೆಲ್ಲ ಕಂಡರೆ ಏನಾದೀತು? ಹಳೆಯ ಮಾದರಿಯನ್ನೇ ಜರ್ಮೇನಿಯಂ ಹಾಕಿ ಮತ್ತೆ ಕಟ್ಟಿದವು ಒಂದು ಬಗೆ. ದನಿ ಮೆತ್ತಗೆ, ಗಿಟಾರಿನ ತಿರುಗಣೆ ಸ್ವಲ್ಪ ಇಳಿಸಿದರೆ ತಾನೂ ತಗ್ಗಿ ಮಾತಾಡುತ್ತವೆ, ಆದರೆ ಬಿಸಿಲಿಗೆ ಅವೂ ಅದೇ ಮನೆತನದವು. ಸಿಲಿಕಾನ್ ಹಾಕಿದ ಹೊಸವು ಇನ್ನೊಂದು ಬಗೆ. ಬಿಸಿಲು, ಚಳಿ ಏನೇ ಇರಲಿ ಒಂದೇ ದನಿ, ಸ್ವಲ್ಪ ಚೂಪು. ಮೂರನೆಯದು ಕಂಪ್ಯೂಟರ್ ಬುದ್ಧಿಯದು. ಹಳೆಯ ಡಬ್ಬಿಗಳ ದನಿಯನ್ನೆಲ್ಲ ತಾನೊಂದೇ ಅಣಕಿಸಿ ತೋರಿಸುತ್ತದೆ. ಅದರಲ್ಲಿ ಮುಗಿಯುತ್ತ ಬಂದ ಸೆಲ್ಲಿನ ದನಿಗೂ ಬೇರೆ ತಿರುಗಣೆ ಇದೆ ಎಂದು ಓದಿದಾಗ ನಾನು ಫೋನು ಕೆಳಗಿಟ್ಟು ಒಂದು ಸುತ್ತು ಓಣಿಯಲ್ಲಿ ತಿರುಗಾಡಿ ಬಂದೆ.

ನಾನು ಜರ್ಮೇನಿಯಂ ಪಕ್ಷ. ಆದರೆ ಯಾವ ಜರ್ಮೇನಿಯಂ? ಇವತ್ತು ಒಂದು ಹಿಡಿಸಿದರೆ ನಾಳೆ ಅದನ್ನು ಬೈದವರ ವಿಡಿಯೋ ಸಿಗುತ್ತಿತ್ತು. ದಸರಾ ಹೋಯಿತು, ಸಂಕ್ರಾಂತಿ ಹೋಯಿತು. ಮಾಬೂ ಕೇಳುವುದನ್ನೇ ಬಿಟ್ಟ. ಕೊನೆಗೆ ಒಂದು ಹಳೆಯ ಬಗೆಯದು, ಒಂದು ಹೊಸ ಬಗೆಯದು ತರಿಸಿದೆ. ಕಂಪ್ಯೂಟರ್ ಬುದ್ಧಿಯದನ್ನು ಗಂಗಾವತಿಯ ಚರ್ಚಿನಲ್ಲಿ ಗಿಟಾರ್ ನುಡಿಸುವ ಪರಿಚಯದವರೊಬ್ಬರಿಂದ ಎರವಲು ತಂದೆ. ಅದನ್ನು ತಂದದ್ದು ಲೆಕ್ಕ ತುಂಬಲಿ ಎಂದು ಮಾತ್ರ. ಅಷ್ಟರಲ್ಲಿ ಮಾಬೂನ ಬಲಗಿವಿಗೆ ಯಂತ್ರ ಬಂದಿತ್ತು.

ಒಂದು ಶುಕ್ರವಾರ ಅವನು ನಮಾಜು ಮುಗಿಸಿ ಬಂದ ಮೇಲೆ ಎಲ್ಲವನ್ನೂ ಚೀಲದಲ್ಲಿ ಹೊತ್ತುಕೊಂಡು ಅವನ ಮನೆಗೆ ಹೋದೆ. ಹಾಸಿಗೆಯ ಸಂದಿನಿಂದ ಗಿಟಾರು, ಮಂಚದ ಕೆಳಗಿನಿಂದ ಹಳೆಯ ಸ್ಪೀಕರ್ ಪೆಟ್ಟಿಗೆ ಹೊರಬಂದವು. ಹೊಸ ತಂತಿ ಹಾಕಿದೆವು. ಮಾಬೂನ ಹೆಂಡತಿ ಶಮೀಮ್ ಭಾಭಿ ಚಹಾ ಇಟ್ಟು, "ಮೆಲ್ಲಕ ನುಡಸ್ರಿ ಭಾಯ್, ಡಾಕ್ಟರ್ ಹೇಳ್ಯಾರ" ಎಂದು ಹೇಳಿ ಬಾಗಿಲಲ್ಲೇ ನಿಂತರು.

ಬರೀ ಗಿಟಾರು ನುಡಿಸಿದಾಗ ಮಾಬೂನ ಮುಖ ಅರಳಿತು. "ಕೇಳ್ಸಾಕತ್ತೈತಿ" ಎಂದ. ನಾನು ಹಳೆಯ ಬಗೆಯ ಡಬ್ಬಿಯ ಗುಂಡಿ ಒತ್ತಿದೆ. ಕೋಣೆ ಮೊರೆಯಿತು. ಮಾಬೂ ಒಂದು ಕ್ಷಣ ತಲೆ ಎತ್ತಿದ, ಆಮೇಲೆ ಹುಬ್ಬು ಗಂಟಿಕ್ಕಿದ.

"ಬಂತು. ಬಂದು ಹೋತು."

ಇನ್ನೊಮ್ಮೆ ಒತ್ತಿದೆ.

"ಬಾಗಿಲ ತನಕ ಬಂದು ವಾಪಸ್ ಹೋಗಾಕತ್ತೈತೋ" ಎಂದ.

ನಾನು ಡಬ್ಬಿ ಬದಲಿಸಿದೆ. ಅದೂ ಹಾಗೆಯೇ. ಕಿವಿಯ ಯಂತ್ರದ ಕೆಲಸವೇ ಅದಂತೆ. ಮನುಷ್ಯರ ಮಾತನ್ನು ಒಳಗೆ ಬಿಡುತ್ತದೆ, ಮೊರೆತ, ಗದ್ದಲ, ಎಳೆದ ದನಿ ಕಂಡರೆ ಬಾಗಿಲು ಹಾಕುತ್ತದೆ. ಮರುದಿನವೇ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಅವರು ಒಳ್ಳೆಯವರು, ಸಂಗೀತಕ್ಕೆಂದೇ ಬೇರೆ ಹೊಂದಿಸಿಕೊಟ್ಟರು. ಆದರೆ ಹೋದದ್ದನ್ನು ಯಂತ್ರ ತಂದುಕೊಡಲಾರದು ಎಂದೂ ಹೇಳಿದರು. ಬಂದು ನುಡಿಸಿ ನೋಡಿದರೆ ಮಾಬೂಗೆ ಎಲ್ಲ ಡಬ್ಬಿಗಳೂ ತಗಡಿನಲ್ಲಿ ಹರಳು ಹಾಕಿ ಅಲುಗಿಸಿದ ಹಾಗೆ ಒಂದೇ ತರ ಕೇಳಿದವು. ಹೋದ ಮಳೆಗಾಲದಲ್ಲಿ ಅವನಿಗೆ ಯಂತ್ರವೇ ಬೇಕಿರಲಿಲ್ಲ. ಆಗ ಯಾವುದಾದರೂ ಒಂದನ್ನು ತಂದು ಮುಂದಿಟ್ಟಿದ್ದರೆ ಅವನ ಸ್ವಂತ ಕಿವಿಗೇ ಕೇಳುತ್ತಿತ್ತು. ನಾನು ಆರಿಸುತ್ತ ಕೂತಿದ್ದೆ. ಹಾಗೆಂದು ಅವನಿಗೆ ಹೇಳಿದೆ. ಎರಡು ಸಲ ಜೋರಾಗಿ ಹೇಳಬೇಕಾಯಿತು.

"ಹೋಗಲಿ ಬಿಡು" ಎಂದು ಮಾಬೂ ಯಂತ್ರವನ್ನು ಕಿವಿಯಿಂದ ಕಿತ್ತು ಭಾಭಿಯ ಕೈಗಿಟ್ಟ. ಆಮೇಲೆ ಬಾಗಿ, ಗಿಟಾರಿನ ಅಂಚಿಗೆ ದವಡೆ ಒತ್ತಿ ಹಿಡಿದು ನುಡಿಸಿದ. ಎಲುಬಿನ ಮೂಲಕ ಅವನಿಗೆ ಏನೋ ಕೇಳುತ್ತಿತ್ತು. ನಾನು ಡಬ್ಬಿ ಒತ್ತಿ ಅವನತ್ತ ನೋಡಿದೆ.

"ಚಾಲೂ ಐತೇನೋ ಡಬ್ಬಿ?"

ಹೌದೆಂದು ತಲೆಯಾಡಿಸಿದೆ.

"ನನಗ ಬರೇ ತಂತಿ ಕೇಳ್ಸಾಕತ್ತೈತಿ. ಪೂರಾ ಸಾಫ್."

ಅದು ಹಾಗೇ ಇರಬೇಕಲ್ಲ. ಕಟ್ಟಿಗೆಯಲ್ಲಿ ತಂತಿಯ ನಡುಕವಷ್ಟೇ ಇರುತ್ತದೆ. ಹರಿಯುವುದು, ಒಡೆಯುವುದು ಎಲ್ಲ ಡಬ್ಬಿಯೊಳಗೆ ಆಗುವ ಕೆಲಸ. ಜೀವಮಾನವಿಡೀ ದನಿಯನ್ನು ಕೆಡಿಸಲು ಹೆಣಗಿದವನ ಪಾಲಿಗೆ ಈಗ ಶುದ್ಧ ದನಿ ಮಾತ್ರ ಉಳಿದಿತ್ತು. ನಾನು ಕೈಸನ್ನೆಯಿಂದ, ಬಾಯಿ ಅಗಲಿಸಿ, ಈ ದನಿ ಹೀಗಿದೆ ಎಂದು ಹೇಳಲು ನೋಡಿದೆ. ಮಾಬೂ ಕೈ ಎತ್ತಿ ತಡೆದ.

"ಮಾತು ಬ್ಯಾಡ. ನೀ ಸುಮ್ನ ಕುಂದ್ರು. ನಾ ನಿನ್ನ ಮಾರಿ ನೋಡ್ತೀನಿ."

ಕುರ್ಚಿಯನ್ನು ನನ್ನೆದುರಿಗೆ ಎಳೆದುಕೊಂಡು ಕೂತ. ಹಳೆಯ ಬಗೆಯ ಡಬ್ಬಿಗೆ ಒಂದು ಸಣ್ಣ ತುಣುಕು ನುಡಿಸಿದ, ನನ್ನನ್ನು ನೋಡಿದ, ತಲೆ ಅಡ್ಡಡ್ಡ ಆಡಿಸಿದ. ನಾನು ತಿಂಗಳುಗಟ್ಟಲೆ ಹೊಗಳಿದ್ದ ಡಬ್ಬಿ ಅದು. ನನ್ನ ಮುಖ ಅದಕ್ಕೆ ಸಾಕ್ಷಿ ಹೇಳಲಿಲ್ಲ. ಹೊಸ ಬಗೆಯದಕ್ಕೂ ಹಾಗೆಯೇ ಆಡಿಸಿದ. ಉಳಿದದ್ದು ಎರವಲು ತಂದದ್ದು. ನಾನು ಅದರ ತಿರುಗಣೆಗಳನ್ನು ಒಂದೊಂದಾಗಿ ತಿರುಗಿಸುತ್ತಿದ್ದೆ, ಅವನು ಅದೇ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತಿದ್ದ. ಒಂದು ಕಡೆ ಬಂದಾಗ ನನ್ನ ಕೈ ನಿಂತಿತು. ಎದೆಯೊಳಗೆ ಕೋರಾ ಬಟ್ಟೆ ಸರ್ರನೆ ಹರಿಯಿತು. ನಾನೇನೂ ಮಾಡಲಿಲ್ಲ, ಮುಖ ತಾನೇ ಏನೋ ಮಾಡಿತು.

"ಇದ ಹೌದಲ್ಲ?" ಎಂದ ಮಾಬೂ, ಬಹಳ ಮೆಲ್ಲಗೆ.

ನಾನು ತಲೆಯಾಡಿಸಿದೆ. ಅವನು ಕೇಳಬೇಕೆಂದ ದನಿ ಬಂದಿತ್ತು, ಅದನ್ನು ಕೇಳುತ್ತಿದ್ದವನು ನಾನು. ಅದಕ್ಕಿಂತ ದೊಡ್ಡ ಅನ್ಯಾಯ ನನ್ನ ಬದುಕಿನಲ್ಲಿ ನನ್ನ ಪಾಲಿಗೆ ಬಂದಿಲ್ಲ. ಬಾಗಿಲಲ್ಲಿ ಭಾಭಿ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದರು. ಮಾಬೂ ದವಡೆಯನ್ನು ಗಿಟಾರಿಗೆ ಒತ್ತಿಕೊಂಡು, ಕಣ್ಣು ರೆಪ್ಪೆ ಹೊಡೆಯದೆ ನನ್ನನ್ನು ನೋಡುತ್ತ, ನಾವು ಮರೆತೇಬಿಟ್ಟೆವು ಎಂದುಕೊಂಡಿದ್ದ ಹಾಡುಗಳನ್ನೆಲ್ಲ ಒಂದಾದ ಮೇಲೊಂದು ನುಡಿಸಿದ. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಮುಖ ಆಚೆ ತಿರುಗಿಸಬೇಕೆನಿಸುತ್ತಿತ್ತು. ತಿರುಗಿಸಲಿಲ್ಲ. ತಿರುಗಿಸಿದ್ದರೆ ಅವನಿಗೆ ಕೇಳುವುದು ನಿಂತುಹೋಗುತ್ತಿತ್ತು.